ಪಂಪಿನ ಹೊಟ್ಟೆ ನೋಡುತ್ತಿದ್ದ ದಸ್ತಗೀರ ಮಿಸ್ತ್ರಿ

ದಸ್ತಗೀರಸಾಬರು ತಮ್ಮ ಜೀವಮಾನದಲ್ಲಿ ಯಾವ ಯಂತ್ರದ ಹೊರಮೈಯನ್ನೂ ಹೊಗಳಿದವರಲ್ಲ. ಹೊಸ ಪಂಪೊಂದು ಕಟ್ಟಿಗೆಯ ಪೆಟ್ಟಿಗೆಯಿಂದ ಹೊರಬಂದು, ಮೈಗೆ ಅಂಟಿದ ಒಣಹುಲ್ಲನ್ನು ಕೊಡವಿಸಿಕೊಂಡು, ಮೇಜಿನ ಮೇಲೆ ಮದುಮಗನ ಹಾಗೆ ಮಿರಿಮಿರಿ ಮಿಂಚುತ್ತ ಕೂತಾಗ ನಾವೆಲ್ಲ ಸುತ್ತ ನೆರೆದು ‘ಆಹಾ’ ಎನ್ನುತ್ತಿದ್ದೆವು. ಅವರು ಮಾತ್ರ ಬಲಭುಜವನ್ನು ತುಸು ಕೆಳಕ್ಕೆ ಇಳಿಬಿಟ್ಟು, ಯಾರದೋ ಭಾರ ಇನ್ನೂ ಹೊತ್ತವರಂತೆ ಓರೆಯಾಗಿ ನಡೆಯುತ್ತ ಬಂದು, ಆ ಮಿಂಚಿಗೆ ಬೆನ್ನು ತಿರುಗಿಸಿ ನಟ್ಟು ಬಿಚ್ಚುವ ತಮ್ಮ ಪಾನಾ ಹುಡುಕುತ್ತಿದ್ದರು.

“ಮಾರಿ ನೋಡೂದು ಆಮ್ಯಾಲ. ಮೊದಲ ಹೊಟ್ಟಿ ತಗೀರಿ.”

ನಾನು ಧಾರವಾಡದಲ್ಲಿ ರಸಾಯನಶಾಸ್ತ್ರದ ಪದವಿ ಪಡೆದು, ಆ ಪದವಿಯ ಸೊಕ್ಕನ್ನೂ ಜೊತೆಗೆ ಕಟ್ಟಿಕೊಂಡು, ೧೯೭೪ರಲ್ಲಿ ಬೆಳಗಾವಿಗೆ ಬಂದವನು. ಸದಾಶಿವನಗರದಲ್ಲಿ ಬಾಡಿಗೆಯ ಒಂದು ಖೋಲಿ. ಹಿಂಡಲಗಾ ದಾರಿಯಲ್ಲಿ ನೌಕರಿಯ ಕಾರ್ಖಾನೆ. ಆಸ್ಪತ್ರೆಗಳಿಗೆ ಬೇಕಾದ ಸಲೈನ್ ಬಾಟಲಿಗಳನ್ನು ಅಲ್ಲಿ ತಯಾರಿಸುತ್ತಿದ್ದೆವು. ಮಾಲಕರು ದುಂಡಪ್ಪನವರು. ಪ್ರಯೋಗಶಾಲೆ ನನ್ನದು, ಅದರ ಹಿಂದಿನ ಗೂಡಿನಲ್ಲಿದ್ದ, ಸಲೈನ್ ಚುಚ್ಚಿ ಜ್ವರ ಬರುತ್ತದೆಯೇ ಎಂದು ಪರೀಕ್ಷಿಸುವ ಹನ್ನೆರಡು ಮೊಲಗಳೂ ನನ್ನವು. ಕಾಗದದ ಪ್ರಕಾರ ದಸ್ತಗೀರ ಮಿಸ್ತ್ರಿಯೂ ನನ್ನ ಕೈಕೆಳಗಿನವರೇ. ನಾಲ್ಕನೆಯ ಇಯತ್ತೆ ಕಲಿತ ಮನುಷ್ಯ ನನಗೇನು ಕಲಿಸಿಯಾನು ಎಂದು ನಾನು ಮೊದಲ ವಾರ ಅಂದುಕೊಂಡದ್ದುಂಟು. ಈಗ ನೆನೆದರೆ ನನ್ನ ಕಿವಿಯನ್ನು ನಾನೇ ಹಿಂಡಿಕೊಳ್ಳಬೇಕೆನಿಸುತ್ತದೆ.

ಅವರ ಕೋಟಿನ ಮಾತು ಹೇಳದೆ ಮುಂದೆ ಹೋಗಲಾಗದು. ಸೈನ್ಯದವರ ಕ್ಯಾಂಪಿನ ಹಳೆಯ ಬಜಾರಿನಲ್ಲಿ ಕೊಂಡ, ಯಾವನೋ ಸಿಪಾಯಿ ತೊಟ್ಟು ಬಿಟ್ಟ ಖಾಕಿ ಕೋಟು ಅದು. ಉರಿಬಿಸಿಲಿನಲ್ಲೂ ಮೈಮೇಲೆಯೇ, ಬಾಯ್ಲರಿನ ಪಕ್ಕದಲ್ಲೂ ಮೈಮೇಲೆಯೇ. ಬಲಜೇಬಿನಲ್ಲಿ ಪಾನಾ, ಎಡಜೇಬಿನಲ್ಲಿ ಬೀಜ ತೆಗೆದು ಹಿಂಜಿದ ಅರಳೆಯ ಉಂಡೆ. ಪಂಪಿನ ಹೊಟ್ಟೆ ತೆರೆದುಕೊಂಡಿತೆಂದರೆ ಆ ಅರಳೆಯಿಂದ ಚಿಟಿಕೆಯಷ್ಟು ಕಿತ್ತು, ಎರಡು ಬೆರಳ ತುದಿಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಒಳಗೋಡೆಯ ಮೇಲೆಲ್ಲ ಹಗುರಕ್ಕೆ ಎಳೆಯುತ್ತಿದ್ದರು. ಎಲ್ಲಾದರೂ ಒಂದು ಎಳೆ ಸಿಕ್ಕಿಕೊಂಡಿತೋ, ಕಣ್ಣು ತೆರೆದು ಒಂದೇ ಪ್ರಶ್ನೆ ಕೇಳುತ್ತಿದ್ದರು: “ಇಲ್ಲಿ ನೀರು ನಿಂದರತಾವ. ಖರೇ ಹೌದಲ್ರಿ?”

ಇದು ಅವರಿಗೆ ಯಾವ ಪುಸ್ತಕವೂ ಕಲಿಸಿದ ವಿದ್ಯೆಯಲ್ಲ. ಅವರ ಅಪ್ಪ ಹುಸೇನಸಾಬರು ಖಾನಾಪುರದ ಕಲಾಯಿಗಾರರು. ತಿದಿ ಹೊತ್ತು ಊರೂರು ತಿರುಗಿ, ಕಣಕುಂಬಿಯ ಅಡವಿಯ ತನಕ ನಡೆದು ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ತವರ ಹಚ್ಚುತ್ತಿದ್ದವರು. ಆ ತಿದಿ ಎಷ್ಟೋ ವರ್ಷ ದಸ್ತಗೀರಸಾಬರ ಬಲಭುಜದ ಮೇಲಿತ್ತು. ಆ ಓರೆ ನಡಿಗೆ ಅಲ್ಲಿಂದ ಬಂದದ್ದು. ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿ, ತವರದ ಕಡ್ಡಿ ಮುಟ್ಟಿಸಿ, ಒಂದೇ ಉಸಿರಿನಲ್ಲಿ ಅರಳೆಯಿಂದ ಒರೆಸಬೇಕು. ಅರಳೆ ಎಲ್ಲಿ ತಡೆಯಿತೋ ಅಲ್ಲಿ ಕಲಾಯಿ ಕೂತಿಲ್ಲ. ಅಲ್ಲಿ ಹಸಿರು ಕಿಲುಬು ಏಳುತ್ತದೆ, ಹುಳಿ ಕೆಡುತ್ತದೆ, ಉಂಡವರ ಹೊಟ್ಟೆ ತೊಳಸುತ್ತದೆ. “ಅರಳಿ ಸುಳ್ಳ ಹೇಳೂದಿಲ್ರಿ ಸಾಹೇಬ್ರ,” ಎಂದು ಅವರು ನನಗೆ ಹೇಳಿದಾಗ ನಾನು ನಕ್ಕಿದ್ದೆ.

ನಗು ಇಳಿದದ್ದು ಮರುವರ್ಷ. ನಮ್ಮ ಬಾಟಲಿ ಏರಿಸಿದ ಕೆಲವು ರೋಗಿಗಳಿಗೆ ಗಡಗಡ ನಡುಕ ಬರುತ್ತಿದೆ ಎಂದು ಒಂದು ಆಸ್ಪತ್ರೆಯಿಂದ ಪೆಟ್ಟಿಗೆಗಳು ವಾಪಸು ಬಂದವು. ಬಾಟಲಿಗಳನ್ನು ಉಗಿಯಲ್ಲಿ ಬೇಯಿಸಿಯೇ ಕಳಿಸುತ್ತಿದ್ದೆವಲ್ಲ! ನೀರಿನ ಸೂಕ್ಷ್ಮಜಂತುಗಳು ಸತ್ತಿದ್ದವು, ನಿಜ. ಸತ್ತ ಜಂತುವಿನ ವಿಷ ಮಾತ್ರ ಆ ಉಗಿಗೆ ಸಾಯುವಂಥದ್ದಲ್ಲ. ನನ್ನ ಮೊಲಗಳಿಗೂ ಜ್ವರ ಏರಿತು. ನಾನು ಉಪ್ಪನ್ನು ಪರೀಕ್ಷಿಸಿದೆ, ನೀರನ್ನು ಪರೀಕ್ಷಿಸಿದೆ, ಬೂಚುಗಳನ್ನು ಪರೀಕ್ಷಿಸಿದೆ. ಮಿಸ್ತ್ರಿ ಸುಮ್ಮನೆ ಹೋಗಿ ಪಂಪಿನ ಹೊಟ್ಟೆ ಬಿಚ್ಚಿದರು. ಒಳಗಿನ ಚಕ್ರವನ್ನು ಹಿಡಿದಿದ್ದ ನಟ್ಟಿನ ಹಿಂದೆ, ಉಗುರಗಲದ ಸಂದಿಯಲ್ಲಿ, ಲೋಳೆ ಕಟ್ಟಿತ್ತು. ಆವತ್ತಿನಿಂದ ನಾನು ಅವರ ಹಿಂದೆ ಹಿಂದೆ ತಿರುಗತೊಡಗಿದೆ.

ಒಮ್ಮೆ ಮುಂಬೈಯಿಂದ ಒಬ್ಬ ಪಂಪು ಮಾರುವವನು ಬಂದಿದ್ದ. ಕೊರಳಿಗೆ ಟೈ, ಬಾಯಿಗೆ ಬೀಗವಿಲ್ಲ. ಗಂಟೆಗೆ ಎಷ್ಟು ಲೀಟರು, ಎಷ್ಟು ಎತ್ತರ, ಎಷ್ಟು ಅಶ್ವಶಕ್ತಿ ಎಂದು ಅವನು ಅರ್ಧ ತಾಸು ಹರಿಕಥೆ ಮಾಡುವಷ್ಟರಲ್ಲಿ ಮಿಸ್ತ್ರಿ ಪಂಪು ಬಿಚ್ಚಿ, ಅರಳೆ ಎಳೆದು, ಚಕ್ರದ ಹಿಂದೆ ಸಿಕ್ಕಿಕೊಂಡ ಬಿಳಿ ಎಳೆಯನ್ನು ತೋರಿಸಿದರು. “ನಿಮ್ಮ ಪಂಪಿನ್ಯಾಗ ಒಂದು ಖೋಲಿ ಐತಿ ನೋಡ್ರಿ, ಅದಕ್ಕ ಬಾಗಲಾನ ಇಲ್ಲ. ಒಳಗ ಹೋದಾಂವ ಹೊರಗ ಹೆಂಗ ಬರಬೇಕು?” ಅವನು ಟೈ ಸಡಿಲಿಸಿಕೊಂಡ. ಮಿಸ್ತ್ರಿ ಅವನಿಗೆ ಚಹಾ ಕುಡಿಸಿಯೇ ಕಳಿಸಿದರು, ಅದೂ ಮರ್ಯಾದೆಯಿಂದ.

ಇನ್ನು ವಹಾಬನ ವಿಷಯ. ಮಿಸ್ತ್ರಿಯ ಬೆನ್ನಿಗೆ ಬಿದ್ದ ತಮ್ಮ ಅವನು. ಉದ್ಯಮಬಾಗದಲ್ಲಿ ಒಂದು ಲೇಥು, ನಾಲ್ಕು ಮಂದಿಯ ಸಣ್ಣ ವರ್ಕಶಾಪು. ೧೯೮೧ರಲ್ಲಿ ನಮ್ಮ ಕಾರ್ಖಾನೆಗೆ ಹೊಸ ಪಂಪು ಬೇಕಾಯಿತು. ಬೇಕಾದದ್ದು ಸಾಮಾನ್ಯದ್ದಲ್ಲ: ಸೋಸಿ ಶುದ್ಧವಾದ ದ್ರಾವಣವನ್ನು ಮೇಲಿನ ತೊಟ್ಟಿಗೆ ಏರಿಸುವ ಕೊನೆಯ ಪಂಪು. ಅದರಾಚೆಗೆ ಸೋಸುವ ಜಾಳಿಗೆಯಿಲ್ಲ, ನೇರ ಬಾಟಲಿ, ಬಾಟಲಿಯಿಂದ ಮನುಷ್ಯನ ನರ. ಮುಂಬೈಯ ಪಂಪಿಗೆ ಎಂಟು ತಿಂಗಳು ಕಾಯಬೇಕೆಂದಾಗ ವಹಾಬ “ನಾ ಮಾಡಿ ಕೊಡತೇನ್ರಿ” ಎಂದ. ದುಂಡಪ್ಪನವರು ಒಪ್ಪಿದರು, ಆದರೆ ಮಾತು ಬಿಗಿಯಾಗಿತ್ತು: “ನಿಮ್ಮ ಅಣ್ಣ ಪಾಸ ಮಾಡಬೇಕು. ಮೊದಲನೇ ಘಾಣದ ಬಾಟಲಿ ಎಲ್ಲಾ ಸ್ವಚ್ಛ ಬರಬೇಕು. ಇಲ್ಲಂದ್ರ ಮುಂಬೈ.” ಇದು ಕೈಬಿಟ್ಟರೆ ವಹಾಬನಿಗೆ ವರ್ಕಶಾಪು ಮುಚ್ಚಿ ಪುಣೆಯಲ್ಲಿ ಯಾರದೋ ಕೈಕೆಳಗೆ ದುಡಿಯುವುದೊಂದೇ ಉಳಿದಿತ್ತು.

ಮನೆಯಲ್ಲಿ ಅಣ್ಣತಮ್ಮಂದಿರ ಮಾತು ದಖನಿಯಲ್ಲಿ. ಕಾರ್ಖಾನೆಯ ಹೊಸ್ತಿಲು ದಾಟಿದರೆ ಇಬ್ಬರೂ ಕನ್ನಡ, ಅದೂ ಪೂರಾ ‘ರೀ’ ಹಚ್ಚಿದ ಕನ್ನಡ. “ಬರ್ರಿ ವಹಾಬಸಾಬ್ರ, ಕುಂದರ್ರಿ,” ಎಂದು ಅಣ್ಣ. “ನೋಡ್ರಿ ಮಿಸ್ತ್ರಿ ಸಾಹೇಬ್ರ,” ಎಂದು ತಮ್ಮ. ತಾವು ತೊಡೆಯ ಮೇಲೆ ಕೂರಿಸಿಕೊಂಡು ಆಡಿಸಿದ ತಮ್ಮನನ್ನು ಹೀಗೆ ಪರಕೀಯನಂತೆ ಕರೆಯುವುದೇಕೆ ಎಂದು ನಾನೊಮ್ಮೆ ಕೆಣಕಿದೆ. “ಮಂದಿಗೆ ತಿಳೀಬೇಕಲ್ರಿ, ನಾವೇನ ಮಾತಾಡಾಕತ್ತೇವಿ ಅಂತ,” ಎಂದರು.

ನಾಲ್ಕು ಸಲ ವಾಪಸು ಕಳಿಸಿದರು ಪುಣ್ಯಾತ್ಮರು! ಮೊದಲ ಸಲ ಎರಕದಲ್ಲಿ ಸಾಸಿವೆಯಷ್ಟು ತೂತು. ಇನ್ನೊಮ್ಮೆ ಅರಳೆಯೇನೋ ಜಾರಿತು, ಆದರೆ ನೀರು ಬಿಟ್ಟು ಬಸಿದು ನೋಡಿದಾಗ ತಳದಲ್ಲಿ ಬೊಗಸೆಯಷ್ಟು ಉಳಿದಿತ್ತು. ನೀರು ಹೊರಹೋಗುವ ಬಾಯಿ ಎಲ್ಲಕ್ಕಿಂತ ತಗ್ಗಿನಲ್ಲಿರಬೇಕೆಂಬುದನ್ನು ವಹಾಬ ಮರೆತಿದ್ದ. ನಾಲ್ಕನೆಯ ಸಲ ನೀರು ಸೋರದಂತೆ ತಡೆಯುವ ಸೀಲು. ತಿರುಗುವ ದಂಡದ ಸುತ್ತ ಹಗ್ಗ ಸುತ್ತಿ ಬಿಗಿಯುವ ಹಳೆಯ ಪದ್ಧತಿಯಲ್ಲಿ ಮಾಡಿ ತಂದಿದ್ದ. “ಹಗ್ಗ ನೀರ ಕುಡೀತೈತಿ, ಕುಡದದ್ದ ತಿರಗಿ ಉಗಳತೈತಿ. ಒಯ್ರಿ,” ಎಂದರು. ಆವತ್ತು ವಹಾಬನ ಕಣ್ಣಲ್ಲಿ ನೀರಾಡಿತು. ನಾನು ಮಿಸ್ತ್ರಿಯನ್ನು ಬಾಜೂಕೆ ಕರೆದು, ಇಷ್ಟು ಕಲ್ಲೆದೆ ಏಕೆಂದು ಬೈದೆ. ಅವರು ನನ್ನನ್ನು ಮಿಕಿಮಿಕಿ ನೋಡಿ ಬಾಯ್ಲರಿನ ಕಡೆಗೆ ಹೋದರು.

ಐದನೆಯ ಪಂಪು ಬಂತು. ಇಂಗಾಲದ ಬಳೆ ಕೂರಿಸಿದ ಹೊಸ ಸೀಲು, ಕನ್ನಡಿಯಂಥ ಒಳಮೈ, ಐದು ನಿಮಿಷದಲ್ಲಿ ಬಿಚ್ಚಿ ತೊಳೆಯಬಹುದಾದ ರಚನೆ. ಅರಳೆ ಎಲ್ಲಿಯೂ ನಿಲ್ಲಲಿಲ್ಲ. ನೀರು ಹನಿಯೂ ಉಳಿಯಲಿಲ್ಲ. ಮಿಸ್ತ್ರಿ ಪಾಸು ಎಂದರು. ಅದನ್ನು ತೊಳೆದು, ಉಗಿ ಹಾಯಿಸಿ, ಕೂಡಿಸಿದೆವು. ಬೆಳಗಾವಿಯಲ್ಲೇ ಹುಟ್ಟಿದ ಪಂಪು ಎಂದು ನಾನು ಕಂಡಕಂಡವರಿಗೆಲ್ಲ ಕೊಚ್ಚಿಕೊಂಡು ತಿರುಗಿದೆ.

ಮರುದಿನ ಮೊದಲ ಘಾಣ, ಒಂದೇ ಸಲಕ್ಕೆ ತುಂಬಿದ ಎಂಟುನೂರು ಬಾಟಲಿ. ತುಂಬಿದ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡುವ ಕೆಲಸ ಶಿವಲಿಂಗವ್ವಳದು. ಖಾನಾಪುರದ ಆಚೆ ಕುರಿ ಸಾಕುವ ಮನೆತನದ ಹೆಣ್ಣುಮಗಳು, ಮಿಸ್ತ್ರಿ ಬರುವ ಪ್ಯಾಸೆಂಜರ್ ಗಾಡಿಯಲ್ಲೇ ಬರುವವಳು; ದೂರದ ಗುಡ್ಡದಲ್ಲಿ ಮರಿಯನ್ನು ಗುರುತು ಹಿಡಿಯುವ ಅವಳ ಕಣ್ಣಿಗೆ ಧೂಳಿನ ಕಣವೂ ತಪ್ಪುತ್ತಿರಲಿಲ್ಲ. ಅವಳು ಒಂದು ಬಾಟಲಿ ಬಾಜೂಕೆ ಇಟ್ಟಳು. ಇನ್ನೊಂದು ಇಟ್ಟಳು. ಮಧ್ಯಾಹ್ನಕ್ಕೆ ಒಂಬತ್ತಾದವು. ಪ್ರತಿಯೊಂದರಲ್ಲೂ ಕೂದಲೆಳೆಗಿಂತ ಸಣ್ಣದೊಂದು ಬಿಳಿ ನಾರು ತೇಲುತ್ತಿತ್ತು.

ದುಂಡಪ್ಪನವರು ಎಲ್ಲರನ್ನೂ ಕರೆಸಿದರು. ತನ್ನ ಪಂಪಿನ ಮೊದಲ ಘಾಣ ನೋಡಲೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ ವಹಾಬ ಗೋಡೆಗೆ ಆತು ನಿಂತಿದ್ದ. ನಾನು, ಮಹಾ ಜ್ಞಾನನಿಧಿ, ಎರಡೇ ನಿಮಿಷದಲ್ಲಿ ‘ಪಂಪಿನ ಸೀಲಿನಿಂದ ಉದುರಿದ ನಾರು’ ಎಂದು ವರದಿ ಬರೆದು ಸಹಿ ಹಾಕಿದೆ. ದುಂಡಪ್ಪನವರು ಅದನ್ನು ಓದಿ, “ಮುಂಬೈಗೆ ತಾರ ಹಚ್ಚರಿ,” ಎಂದರು.

ಮಿಸ್ತ್ರಿ ಒಂದು ಬಾಟಲಿ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತರು. ಆಮೇಲೆ ನನ್ನ ಕಡೆ ತಿರುಗಿದರು.

“ಸಾಹೇಬ್ರ, ನೀವು ಇದನ್ನ ದುರ್ಬೀನಿನ್ಯಾಗ ಹಾಕಿ ನೋಡಿದ್ರೇನು?”

“ಕಣ್ಣಿಗೇ ಕಾಣತದಲ್ಲ ಮಿಸ್ತ್ರಿ.”

“ಹಾಕಿ ನೋಡ್ರಿ. ಏನಂತ ನೀವ ಹೇಳಬೇಕು. ನಾ ಹೇಳಿದ್ರ, ತಮ್ಮನ್ನ ಉಳಸಾಕ ಹೇಳ್ಯಾನ ಅಂತಾರ.”

ಸಿಡುಕುತ್ತಲೇ ಹೋದೆ. ನಾರನ್ನು ತೆಗೆದು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟೆ. ಚಪ್ಪಟೆ ಪಟ್ಟಿಯೊಂದು ಹುರಿಗೊಂಡಂತೆ ಕಂಡಿತು. ಕಾಲೇಜಿನ ಮೊದಲ ವರ್ಷದ ಹುಡುಗನೂ ಹೇಳುತ್ತಿದ್ದ ಅದೇನೆಂದು. ವಹಾಬನ ಪಂಪಿನಲ್ಲಿ ಇಂಗಾಲವಿತ್ತು, ರಬ್ಬರಿತ್ತು, ಉಕ್ಕು ಇತ್ತು, ಅಷ್ಟೇ. ಹೊರಬಂದು “ಅರಳೆ” ಎಂದೆ.

“ನಂದರಿ ಅದು,” ಎಂದರು ಮಿಸ್ತ್ರಿ. “ನಿನ್ನೆ ಎಲ್ಲಾ ತೊಳದು, ಉಗಿ ಕೊಟ್ಟ ಮ್ಯಾಲ, ನೀವೆಲ್ಲಾ ಊಟಕ್ಕ ಹೋದಾಗ ನಾ ಇನ್ನೊಮ್ಮೆ ಬಿಚ್ಚಿ ಅರಳಿ ಎಳದೆನ್ರಿ. ಬ್ಯಾರೆದವರ ಪಂಪಾಗಿದ್ರ ಎಳೀತಿದ್ದಿಲ್ಲ. ತಮ್ಮಂದಂತ ಬಿಟ್ಟಾನು ಅಂದಾರು ಮಂದಿ, ಅಂತ ಅಂಜಿಕಿ. ಬರೇ ಒಂದ ಸಲ ನೀರ ಹಾಕಿ ಮುಚ್ಚಿಬಿಟ್ಟೆ. ಪಂಪಿನ್ಯಾಗ ದೋಷ ಇಲ್ಲ. ನನ್ನ ಕೈಯಾಗ ಐತಿ.”

ಯಾರೂ ನೋಡಿರಲಿಲ್ಲ, ಸ್ವಾಮಿ! ನಿವೃತ್ತಿಗೆ ಎರಡು ವರ್ಷವಿತ್ತು. ಅವರು ಬಾಯಿ ಹೊಲಿದುಕೊಂಡು ನಿಂತಿದ್ದರೆ ಅವರ ಅಷ್ಟು ವರ್ಷಗಳ ಹೆಸರಿಗೆ ಒಂದು ಗೆರೆಯೂ ಬೀಳುತ್ತಿರಲಿಲ್ಲ. ನನ್ನ ಸಹಿಯ ವರದಿಯೇ ಅವರಿಗೆ ಕಾವಲಿತ್ತು.

ಬಳಿಕ ಅವರು ಗೋಡೆಯ ಬಳಿ ಹೋಗಿ, ಆ ಕಾರ್ಖಾನೆಯೊಳಗೆ ಮೊದಲ ಬಾರಿಗೆ, ಮನೆಯ ಮಾತಿನಲ್ಲಿ ಕ್ಷಮೆ ಕೇಳಿದರು: “ವಹಾಬ, ಮಾಫ್ ಕರ್ ರೇ ಬಾಬಾ.”

ವಹಾಬ ಅಣ್ಣನ ಎರಡೂ ಕೈ ಹಿಡಿದುಕೊಂಡು ಸಣ್ಣ ಮಗುವಿನಂತೆ ಅತ್ತ. ದುಂಡಪ್ಪನವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. “ತಾರ ಬ್ಯಾಡ,” ಎಂದರು.

ನಾನು ವರದಿಯನ್ನು ಹರಿಯಲು ಹೋದೆ. ಮಿಸ್ತ್ರಿ ಕೈ ಅಡ್ಡ ಹಿಡಿದರು. “ಹರೀಬ್ಯಾಡ್ರಿ. ಕೆಳಗ ಖರೇದ್ದ ಬರೀರಿ. ನಂದೂ ಬರೀರಿ, ನಿಮ್ಮದೂ ಬರೀರಿ.” ಬರೆದೆ. ಎಂಟುನೂರು ಬಾಟಲಿಗಳನ್ನೂ ಅಣ್ಣತಮ್ಮಂದಿರಿಬ್ಬರೇ ಕೂತು ಒಂದೊಂದಾಗಿ ಗಟಾರಕ್ಕೆ ಚೆಲ್ಲಿದರು. ಸಹಾಯಕ್ಕೆ ಹೋದ ನನ್ನನ್ನು ಹತ್ತಿರ ಸೇರಿಸಲಿಲ್ಲ. ಎರಡನೆಯ ಘಾಣದಲ್ಲಿ ಶಿವಲಿಂಗವ್ವ ಒಂದು ಬಾಟಲಿಯನ್ನೂ ಬಾಜೂಕೆ ಇಡಲಿಲ್ಲ. ಅಂದಿನಿಂದ ತೊಳೆದ ಪಂಪನ್ನು ಮಿಸ್ತ್ರಿ ಮುಟ್ಟುತ್ತಿರಲಿಲ್ಲ. “ತಂಗೀ, ನೀ ನೋಡವಾ,” ಎಂದು ಅವಳನ್ನು ಕರೆದು, ಅವಳು ಟಾರ್ಚು ಹಾಕಿ ಒಳಗೆ ನೋಡುವ ತನಕ ಕೈ ಹಿಂದಕ್ಕೆ ಕಟ್ಟಿ ನಿಲ್ಲುತ್ತಿದ್ದರು. ವಹಾಬನ ಪಂಪುಗಳು ಹುಬ್ಬಳ್ಳಿಗೆ ಹೋದವು, ಪುಣೆಗೆ ಹೋದವು. ಕೊನೆಗೆ ಮುಂಬೈಗೂ ಹೋದವು.

ಪರರ ಕೃತಿಯಲ್ಲಿ ದೋಷವನ್ನು ಅರಸುವ ಪರೀಕ್ಷಕರು ಎಲ್ಲ ಕಾಲದಲ್ಲೂ ಸಿಕ್ಕುತ್ತಾರೆ. ಆ ವೃತ್ತಿಯಲ್ಲಿ ನಾನೇ ಮೂವತ್ತು ವರ್ಷ ಸಂಬಳ ತಿಂದಿದ್ದೇನೆ. ಆದರೆ ಅರಸುವ ಕೈಗೂ ದೋಷವುಂಟೆಂದು ಒಪ್ಪಿ, ಆ ಕೈಯನ್ನೇ ನಾಲ್ಕು ಜನರೆದುರು ಮೇಜಿನ ಮೇಲಿಟ್ಟು, ‘ಇದನ್ನೂ ಬಿಚ್ಚಿ ನೋಡ್ರಿ’ ಎನ್ನುವ ಜಾತಿಯ ಮನುಷ್ಯರು ವಿರಳ. ಅವರಿಗೆ ಬಿರುದಿಲ್ಲ, ಸನ್ಮಾನದ ಶಾಲಿಲ್ಲ. ಎಲ್ಲೋ ಒಂದು ಆಸ್ಪತ್ರೆಯ ಮಂಚದ ಮೇಲೆ ಯಾರೋ ನಡುಗದೆ ನಿದ್ದೆ ಹೋಗುತ್ತಾರೆ, ಅಷ್ಟೇ. ಅಂಥವರೊಬ್ಬರ ಕೈಕೆಳಗೆ ನಾನು ಒಂಬತ್ತು ವರ್ಷ ಕೆಲಸ ಮಾಡಿದೆ. ಕಾಗದದಲ್ಲಿ ಮಾತ್ರ ಅವರು ನನ್ನ ಕೈಕೆಳಗಿದ್ದರು.