ಎರಡು ಬೆರಳೆತ್ತರದ ಹುಲ್ಲು

ಮಾವ ನಲವತ್ತು ವರ್ಷ ಸೆಲೂನ್ ನಡೆಸಿದವರು. ನಿವೃತ್ತರಾದ ಮೇಲೆ ಮನೆ ಮುಂದಿನ ಗರಿಕೆ ಹುಲ್ಲೇ ಅವರಿಗೆ ಗಿರಾಕಿ. ಬೇಸಿಗೆಯ ನಡುವೆ ಒಂದು ದಿನ ಅದನ್ನು ನುಣ್ಣಗೆ ಕತ್ತರಿಸಿಬಿಟ್ಟರು. ನಾಲ್ಕೇ ದಿನದಲ್ಲಿ ಅಂಗಳವೆಲ್ಲ ಒಣಗಿ ಕಂದು ಬಣ್ಣಕ್ಕೆ ತಿರುಗಿತು. ಮಾವ ಮೆಟ್ಟಿಲ ಮೇಲೆ ಕೂತವರು ಊಟಕ್ಕೂ ಏಳಲಿಲ್ಲ.

ಗಿಡಗಳ ನರ್ಸರಿಯಲ್ಲಿ ಕೆಲಸ ಮಾಡುವ ಸೊಸೆ ಬಂದು ಬೆರಳಿನಿಂದ ಮಣ್ಣು ಕೆದಕಿದಳು. ಒಳಗೆ ಬಿಳಿ ಬೇರು ಕಂಡಿತು.

"ಸತ್ತಿಲ್ಲ ಮಾವ, ಜೀವ ಇದೆ. ಬಿಸಿಲಿಗೆ ಹೊರಟವರ ತಲೆಯಿಂದ ಟೋಪಿ ಕಿತ್ಕೊಳ್ತಾರಾ? ಎರಡು ಬೆರಳಷ್ಟಾದ್ರೂ ಬಿಡಿ, ಬುಡಕ್ಕೆ ಅದೇ ನೆರಳು."

"ನನಗೇ ಕಟಿಂಗ್ ಹೇಳಿಕೊಡ್ತೀಯಾ?" ಎಂದರು ಮಾವ. ಆದರೂ ಮುಖ ಸಡಿಲವಾಗಿತ್ತು.

ಅವಳು ಹೇಳಿದಂತೆ ವಾರಕ್ಕೆ ಎರಡು ಸಲ, ಬೆಳಿಗ್ಗೆ, ಮಣ್ಣು ಆಳಕ್ಕೆ ನೆನೆಯುವಂತೆ ನೀರು ಬಿಟ್ಟರು. ತಿಂಗಳೊಳಗೆ ಅಂಗಳ ಮತ್ತೆ ಹಸಿರಾಯಿತು. ಒಂದು ಭಾನುವಾರ ಮೇಲುಮೇಲಷ್ಟೇ ಕತ್ತರಿಸಿ, ಸೊಸೆಯನ್ನು ಕೂಗಿದರು.

"ನೋಡಮ್ಮ, ಸಾಕಾ? ಇನ್ನೂ ಸ್ವಲ್ಪ ತೆಗೀಲಾ?"

"ಬೇಡ ಮಾವ, ಇಷ್ಟೇ ಚೆನ್ನಾಗಿ ಒಪ್ಪುತ್ತೆ," ಎಂದು ಅವಳು ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಕಾಲಿಟ್ಟಳು.