ಒಂದಿಂಚು ಸಡಿಲ

ಶರ್ಟು ಹೊಲಿಯುವ ಆ ಕಾರ್ಖಾನೆಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಮಿಷನ್ನುಗಳ ಸದ್ದಿನಲ್ಲಿ ಹೆಸರು ಕೇಳುವುದೂ ಇಲ್ಲ. ಕಾಲರ್ ಹೊಲಿಯುವವಳು ಕಾಲರ್, ತೋಳಿನ ಪಟ್ಟಿ ಹೊಲಿಯುವವಳು ಕಫ್, ಗುಂಡಿಗೆ ಕಾಜಾ ಹಾಕುವ ಹಿರಿಯಳು ಕಾಜಕ್ಕ. ಮನುಷ್ಯರನ್ನು ತುಂಡು ಮಾಡಿ ಶರ್ಟನ್ನು ಇಡಿಯಾಗಿಸುವ ಜಾಗ ಅದು.

ಕಾಲರ್ ಬಸುರಿ. ದಿನ ತುಂಬುತ್ತ ಬಂದಂತೆ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಹೆರಿಗೆಯ ಭಯವಲ್ಲ, ಊಟದ ಹೊತ್ತಿನಲ್ಲಿ ಕಾಜಕ್ಕ ಬುತ್ತಿಯ ಮುಚ್ಚಳ ತೆಗೆಯುತ್ತ ಹೇಳಿದ ಮಾತು ಅವಳನ್ನು ಕೊರೆಯುತ್ತಿತ್ತು.

“ಕಿರಿಯವನನ್ನ ಹೆತ್ತು ಕೆಲಸಕ್ಕೆ ಬಂದಾಗ ಎದೆ ಬಿಗಿದು ಅಂಗಿಯೆಲ್ಲ ಒದ್ದೆ ಆಗೋದು ಕಣೇ. ಕಕ್ಕಸಿಗೆ ಹೋಗಿ ಹಿಂಡಿ ಚೆಲ್ತಿದ್ದೆ. ಮನೇಲಿ ಮಗು ಡಬ್ಬಿ ಹಾಲು ಕುಡೀತಿತ್ತು, ಇಲ್ಲಿ ಅದರ ಹಾಲನ್ನ ಚರಂಡಿ ಕುಡೀತಿತ್ತು. ಆಮೇಲೆ ಬತ್ತೇ ಹೋಯ್ತು.”

“ಮಕ್ಕಳ ಕೋಣೆ ಇದೆಯಲ್ಲ ಅಕ್ಕಾ?”

“ಇದೆ. ಬಾಗಿಲ ಮೇಲೆ ನಗೋ ಮಗು ಚಿತ್ರಾನೂ ಇದೆ. ಒಳಗೆ ಬಟ್ಟೆ ಸುರುಳಿಗಳು ಬೆಚ್ಚಗೆ ಮಲಗಿದಾವೆ.”

ಕಫ್ ಬಾಯಿ ಹಾಕಿದಳು: “ಅವು ಅಳಲ್ಲವಲ್ಲ, ಅದಕ್ಕೇ ಮೇಲಿನವರಿಗೆ ಅವುಗಳ ಮೇಲೆ ಮಮತೆ.”

ಕಾಯಿದೆಗೆ ಒಂದು ಬಾಗಿಲು ಬೇಕಿತ್ತು, ಇಟ್ಟಿದ್ದರು. ತಪಾಸಣೆಗೆ ಬಂದವರು ಬಾಗಿಲು ನೋಡಿ ಟೀ ಕುಡಿದು ಹೋಗುತ್ತಿದ್ದರು. ತೆರೆದು ನೋಡಿದರೆ ಟೀ ಆರುತ್ತದೆ.

ತನ್ನ ಕೂಸಿನ ಹಾಲನ್ನು ಚರಂಡಿಗೆ ಕೊಡುವುದಿಲ್ಲ ಎಂದು ಕಾಲರ್ ಅಂದೇ ಹಲ್ಲು ಕಚ್ಚಿ ನಿಶ್ಚಯಿಸಿದಳು. ಆಸ್ಪತ್ರೆಯ ಸಿಸ್ಟರನ್ನು ಕೇಳಿ ಕೇಳಿ ಬೇಸರ ಹತ್ತಿಸಿದಳು. ಹೇಗೆ ಹಿಡಿಯಬೇಕು? ಬಾಯಿ ಎಷ್ಟು ಅಗಲ ತೆರೆಯಬೇಕು? ಕೆಲಸಕ್ಕೆ ಹೋದರೂ ಹಾಲು ನಿಲ್ಲದಂತೆ ಏನು ಮಾಡಬೇಕು? ಮನೆಯಲ್ಲಿ ತಲೆದಿಂಬನ್ನು ತೋಳಲ್ಲಿಟ್ಟು ಅಭ್ಯಾಸ ಮಾಡಿದಳು; ಗೋಡೆಗೆ ಬಣ್ಣ ಬಳಿಯುವ ಗಂಡ ಕೆಲಸದಿಂದ ಬಂದವನು ನೋಡಿ, “ದಿಂಬಿಗೆ ತೇಗು ಬಂತಾ?” ಅಂದ.

ಕೊನೆಗೆ ತನಗೆ ಬರುವ ವಿದ್ಯೆಗೇ ಕೈ ಹಾಕಿದಳು. ಉಳಿಕೆ ಬಟ್ಟೆಯಲ್ಲಿ ಹಾಲೂಡುವ ಅಂಗಿಗಳನ್ನು ಹೊಲಿದಳು. ಎದೆಯ ಮೇಲೆ ಮಡಿಕೆ, ಮಡಿಕೆಯಡಿ ಸೀಳು, ಒಂದೇ ಕೈಯಲ್ಲಿ ಬಿಚ್ಚಬಲ್ಲ ಗುಂಡಿ. ಕಾಜಾ ಕಾಜಕ್ಕನದೇ. ನೆರಿಗೆ ಇಲ್ಲ, ಜೋಲು ಇಲ್ಲ, ಮೈಗೆ ಅಚ್ಚು ಹಾಕಿದಂಥ ಹೊಲಿಗೆ. ಸಾಲಿನ ಮೇಲ್ವಿಚಾರಕ, ಸದಾ ಸೀಟಿ ಊದುವುದರಿಂದ ಎಲ್ಲರ ಬಾಯಲ್ಲೂ ಸೀಟಿಯೇ ಆದವನು, ಒಂದನ್ನು ಎತ್ತಿ ಹಿಡಿದು ಹಲ್ಲು ಕಿರಿದ.

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರಲ್ಲ, ಇದೇನಾ?”

“ಕುಲಾವಿ ಅಲ್ಲ ಸಾರ್, ಕೂಸಿನ ಬುತ್ತಿ,” ಅಂದಳು ಕಫ್. “ನಿಮ್ಮ ಕೋಣೇಲಂತೂ ಜಾಗ ಇಲ್ಲ.”

ಮಗಳು ಹುಟ್ಟಿದಳು. ಅಳುವುದರಲ್ಲಿ ಸೀಟಿಯನ್ನೂ ಮೀರಿಸಿದಳು. ಮೊದಮೊದಲು ಎಲ್ಲ ಸರಿಯಿತ್ತು. ಬಾಯಿ ಅಗಲಿಸಿ ಎದೆಗೆ ಕಚ್ಚಿಕೊಂಡರೆ ಬಿಡುತ್ತಿರಲಿಲ್ಲ. ಆಸ್ಪತ್ರೆಯ ಸಡಿಲ ನಿಲುವಂಗಿ ಬಿಟ್ಟು ಮನೆಗೆ ಬಂದು, ಕಾಲರ್ ಹೆಮ್ಮೆಯಿಂದ ತನ್ನ ಅಂಗಿ ತೊಟ್ಟಳು. ಹಾಲು ಹೊಳೆಯಂತೆ ಇಳಿಯಿತು. ಆಮೇಲೆ, ಯಾಕೋ, ಎಡಗಡೆ ಕಲ್ಲಾಯಿತು. ಮುಟ್ಟಿದರೆ ಉರಿ. ಮೈ ಬೆಚ್ಚಗಾಯಿತು. ಮಗು ಕಚ್ಚುತ್ತಿತ್ತು, ಸಿಟ್ಟಿನಿಂದ ಬಿಡುತ್ತಿತ್ತು, ಮುಷ್ಟಿ ಬಿಗಿದು ಕಿರುಚುತ್ತಿತ್ತು.

ಒಂದೇ ಕೋಣೆಯ ಮನೆ. ಕಿಟಕಿಯಿಂದ ಒಲೆಯವರೆಗೆ, ಒಲೆಯಿಂದ ಕಿಟಕಿಯವರೆಗೆ ಕಾಲರ್ ಮಗುವನ್ನು ಎತ್ತಿಕೊಂಡು ತಿರುಗಿದಳು. ಕೂತರೆ ಮಗು ಅಳುತ್ತದೆ, ನಿಂತರೆ ಎದೆ ಸಿಡಿಯುತ್ತದೆ. ಒಲೆಯ ಮೇಲಿನ ಕಪಾಟಿನಲ್ಲಿ ಹಾಲಿನ ಪುಡಿಯ ಡಬ್ಬಿ ಕೂತಿತ್ತು, ಬಿಚ್ಚದೆ. ಅತ್ತೆ ತರಿಸಿದ್ದು. ಕೆಟ್ಟವಳಲ್ಲ ಅತ್ತೆ, ಮೊಮ್ಮಗಳ ಅಳು ಅವಳ ಕರುಳನ್ನೂ ಹಿಂಡುತ್ತಿತ್ತು.

“ಜ್ವರದ ಹಾಲು ಕೆಟ್ಟಿರುತ್ತೆ ತಾಯಿ. ಹಟ ಸಾಕು. ಒಂದು ಬಾಟ್ಲಿ ಕೊಡೋಣ.”

“ಕೊಡಬೇಡಿ ಅತ್ತೆ.”

“ಮಗು ಒಣಗ್ತಾ ಇದೆ ಕಣೇ!”

“ಸಂಜೆವರೆಗೆ ಬಿಡಿ. ಆಮೇಲೆ ನೀವು ಹೇಳಿದ ಹಾಗೆ.”

ಯಾಕೆ ಸಂಜೆ ಅಂದಳೋ ಅವಳಿಗೇ ತಿಳಿಯದು. ಅಷ್ಟರಲ್ಲಿ, ರಜೆಯ ದಿನವಾದ್ದರಿಂದ, ಕಾಜಕ್ಕ ಮತ್ತು ಕಫ್ ಮಗು ನೋಡಲು ಬಂದರು. ಕಫ್ ಮಗುವನ್ನು ಎತ್ತಿಕೊಂಡು, “ಅಯ್ಯೋ ನಮ್ಮ ಸೀಟಿ!” ಅಂದಳು. ಕಾಜಕ್ಕ ನಗಲಿಲ್ಲ. ಅವಳು ಕಾಲರ್ ನಡೆಯುವುದನ್ನು ನೋಡುತ್ತಿದ್ದಳು. ಮುಖವನ್ನಲ್ಲ, ಅಂಗಿಯನ್ನು, ಕೆಟ್ಟ ಮಾಲನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ.

“ಮೊದ್ಲು ಇದನ್ನ ಬಿಚ್ಚು.”

“ಯಾಕಕ್ಕ? ಹೊಲಿಗೆ ಸರಿಯಾಗಿಲ್ವಾ?”

“ತುಂಬಾ ಸರಿಯಾಗಿದೆ. ಅದೇ ತಪ್ಪು. ಅಳತೆ ತಗೊಂಡಿದ್ದು ಯಾವಾಗ?”

“ಬಸುರೀಲಿ.”

“ಹಾಲು ಇಳಿಯೋಕೆ ಮುಂಚೆ! ದರ್ಜಿ ಬುದ್ಧಿ ನೋಡು, ಮೈಗೆ ಅಂಟೋ ಹಾಗೆ ಹೊಲಿದಿದಾಳೆ. ಹಾಲಿಗೂ ಫಿಟ್ಟಿಂಗಾ?”

ಅಂಗಿ ಬಿಚ್ಚಿದಾಗ ಎಲ್ಲರೂ ಕಂಡರು. ಎಡ ಎದೆಯ ಪಕ್ಕದಲ್ಲಿ ಒಂದು ಕೆಂಪು ಗೆರೆ, ಒಳಹೊಲಿಗೆ ಒತ್ತಿದ್ದಲ್ಲೇ, ಟಕ್ಸಿನ ಮಡಿಕೆ ಕೂತಿದ್ದಲ್ಲೇ, ಅದರ ಹಿಂದೆ ಗಟ್ಟಿ ಗಂಟು. ಕಾರ್ಖಾನೆ ಕಲಿಸಿದ್ದೇ ಅದು: ಸಡಿಲ ಬಿಟ್ಟರೆ ತಪ್ಪು, ಬಟ್ಟೆ ಹಾಳು, ಹೊತ್ತು ಹಾಳು. ಕೈ ಆ ಪಾಠವನ್ನು ಮನೆಗೂ ತಂದಿತ್ತು, ತನ್ನ ಎದೆಯ ಮೇಲೇ ಪ್ರಯೋಗ ಮಾಡಿತ್ತು.

ಕಾಜಕ್ಕ ಕತ್ತರಿ ಕೇಳಿ ಪಕ್ಕದ ಹೊಲಿಗೆಗಳನ್ನು ಬಿಚ್ಚತೊಡಗಿದಳು. ಕಫ್ ಕಾಲರಳಿಗೆ ಗಂಡನ ದೊಗಳೆ ಅಂಗಿಯೊಂದನ್ನು ತೊಡಿಸಿ ಆಸ್ಪತ್ರೆಗೆ ಕರೆದೊಯ್ದಳು. ಅತ್ತೆಯೂ ಮಗುವನ್ನೆತ್ತಿಕೊಂಡು ಹೊರಟಳು. ಕಿವಿಯಾರೆ ಕೇಳದೆ ನಂಬುವ ಜಾತಿಯಲ್ಲ ಅವಳು.

ಸಿಸ್ಟರ್ ಒತ್ತಿ ನೋಡಿದಳು. “ಹಾಲು ಕೆಟ್ಟಿಲ್ಲಮ್ಮ, ಕಟ್ಟಿಕೊಂಡಿದೆ. ಊಡಿಸೋದನ್ನ ಬಿಡಬೇಡ, ಮಗು ಕೇಳ್ದಾಗೆಲ್ಲ ಎರಡೂ ಕಡೆ ಕೊಡು. ತಿಕ್ಕಬೇಡ, ಹಿಸುಕಬೇಡ, ತಣ್ಣನೆ ಬಟ್ಟೆ ಇಡು. ಡಾಕ್ಟರ್ ಜ್ವರಕ್ಕೆ ಮಾತ್ರೆ ಕೊಡ್ತಾರೆ. ಕಡಿಮೆ ಆಗದಿದ್ರೆ ಮತ್ತೆ ಬಾ, ಸುಮ್ನಿರಬೇಡ.”

“ಜ್ವರದಲ್ಲೂ ಕೊಡಬಹುದಾ?” ಅತ್ತೆ ಕೇಳಿದಳು.

“ಕೊಡಬಹುದು ಅಜ್ಜಿ, ಕೊಡ್ಲೇಬೇಕು.”

ಸಿಸ್ಟರ್ ಮಗುವಿನ ಹೊಟ್ಟೆಯನ್ನು ತಾಯಿಯ ಹೊಟ್ಟೆಗೆ ತಾಗಿಸಿ, ಗಲ್ಲವನ್ನು ಎದೆಗೆ ಒತ್ತಿ ಹಿಡಿದಳು. ಮಗು ಮೂಸಿತು, ಗೊಣಗಿತು, ಕಚ್ಚಿಕೊಂಡಿತು. ನೋವಿಗೆ ಕಾಲರಳ ಕಾಲ್ಬೆರಳುಗಳು ಮಡಚಿಕೊಂಡವು. ಆಮೇಲೆ ಗುಟುಕು ಕೇಳಿಸಿತು. ಅತ್ತೆ ಕಿವಿ ಹತ್ತಿರ ತಂದು ಕೇಳಿಸಿಕೊಂಡಳು. ಮನೆಗೆ ಬಂದ ಮೇಲೆ ಡಬ್ಬಿ ಕಪಾಟಿನ ಹಿಂದಕ್ಕೆ ಸರಿಯಿತು.

ರಜೆ ಮುಗಿಯುತ್ತ ಬಂತು. ಚರಂಡಿಯ ಮಾತು ಮತ್ತೆ ನೆನಪಾಯಿತು. ಅಂಗಿಗೇನೋ ಕಾಜಕ್ಕ ಎರಡೂ ಪಕ್ಕ ಪಟ್ಟಿ ಸೇರಿಸಿ ಸಡಿಲ ಮಾಡಿ ತಂದಿದ್ದಳು. ಕಾರ್ಖಾನೆಗೆ ಯಾರು ಪಟ್ಟಿ ಸೇರಿಸುವುದು?

“ಇವಳು ಕೆಲಸಕ್ಕೆ ಬರೋ ದಿನ ಬೆಳಗ್ಗೆ ಬೆಲ್ಲಿಗೆ ಮುಂಚೇನೇ ಮಗೂನ ಕರ್ಕೊಂಡು ಬನ್ನಿ ಅತ್ತೆಮ್ಮಾ,” ಎಂದು ಕಾಜಕ್ಕ ಅಂಗಿ ತಂದ ದಿನವೇ ಹೇಳಿ ಹೋಗಿದ್ದಳು. “ಅಳೋ ಮಗೂಗೇ ಹಾಲು. ನಾವು ಇಷ್ಟು ದಿನ ಅಳ್ಲೇ ಇಲ್ಲ.”

ಆ ಬೆಳಗ್ಗೆ ಮಗುವನ್ನೆತ್ತಿಕೊಂಡ ಅತ್ತೆಯ ಜೊತೆ ಕಾಲರ್ ಒಳಗೆ ಕಾಲಿಟ್ಟಾಗ ಮಿಷನ್ನುಗಳ ಮುಂದೆ ಯಾರೂ ಇರಲಿಲ್ಲ. ನಗುವ ಮಗುವಿನ ಚಿತ್ರದ ಬಾಗಿಲು ತೆರೆದಿತ್ತು. ಸಾಲಿನ ಹೆಂಗಸರು ಹೆಗಲ ಮೇಲೆ ಬಟ್ಟೆಯ ಸುರುಳಿ ಹೊತ್ತು ಬರುತ್ತಿದ್ದರು. ಮುಂದೆ ಕಾಜಕ್ಕ, ಹಿಂದೆ ಕಫ್, ಅವಳ ಹಿಂದೆ ಜೇಬು, ತೋಳು, ಇಸ್ತ್ರಿ. ಮ್ಯಾನೇಜರ್ ಕೋಣೆಯ ಹೊಸ್ತಿಲಿಗೆ ಅಡ್ಡಲಾಗಿ ಅವನ್ನು ಸಾಲಾಗಿ ಮಲಗಿಸಿದರು.

ಸೀಟಿ ಓಡಿ ಬಂದ. “ಏನ್ರೇ ಇದು? ಯಾರು ಹೇಳಿದ್ದು?”

“ಜೋರಾಗಿ ಮಾತಾಡಬೇಡಿ ಸಾರ್,” ಅಂದಳು ಕಫ್, “ಸುರುಳಿಗಳು ಎದ್ದುಬಿಟ್ಟಾವು.”

“ನಾಳೆ ಎಲ್ಲಾ ವಾಪಸ್ ಒಳಗೆ ಹಾಕಿಸ್ತೀನಿ!”

“ಹಾಕಿಸಿ. ನಾಡಿದ್ದು ಮತ್ತೆ ಹೊರ್ತೀವಿ,” ಅಂದಳು ಕಾಜಕ್ಕ.

ಕಾಲರ್ ಯಾರನ್ನೂ ನೋಡಲಿಲ್ಲ. ದೂಳು ಇನ್ನೂ ಹಾರಾಡುತ್ತಿದ್ದ ಕೋಣೆಯಲ್ಲಿ ಅತ್ತೆ ತನ್ನ ಸೆರಗಿನಿಂದ ಒಂದು ಸ್ಟೂಲು ಒರೆಸಿ ಕೊಟ್ಟಳು. ಕಾಲರ್ ಕೂತು ಗುಂಡಿ ಬಿಚ್ಚಿದಳು. ಮಗು ಕಚ್ಚಿಕೊಂಡಿತು.

ಬೆಲ್ ಹೊಡೆಯಿತು. ಸೀಟಿ ಬಾಗಿಲಿನ ಆಚೆ ಬೆನ್ನು ತಿರುಗಿಸಿ ನಿಂತು ಕೂಗಿದ.

“ಬೆಲ್ ಆಯ್ತು! ಕಾಲರ್ ಇಲ್ದೆ ಇಡೀ ಸಾಲು ನಿಂತಿದೆ!”

ಕಾಲರ್ ಮಗುವನ್ನು ಎಡಗಡೆಯಿಂದ ಬಿಡಿಸಿ ಬಲಕ್ಕೆ ಹಾಕಿಕೊಂಡಳು.

“ನಿಂತಿರ್ಲಿ ಸಾರ್. ಇನ್ನೊಂದು ಕಡೆ ಬಾಕಿ ಇದೆ.”