ಚಂದ್ರಪ್ಪ ಕಾಣದ ಆರನೇ ಕಂತು

ಶನಿವಾರ ಸಂಜೆ ಆರರಿಂದ ಏಳರವರೆಗೆ ಶಿವಗಂಗವ್ವನ ಮನೆಯಲ್ಲಿ ಯಾರೂ ಫೋನ್ ಎತ್ತುವಂತಿರಲಿಲ್ಲ. ‘ಕಪ್ಪು ಟೆಂಪೋ’ ಧಾರಾವಾಹಿಯ ಹೊಸ ಕಂತು ಬರುವ ಹೊತ್ತು ಅದು. ಪುಣೆಯ ಖರಾಡಿ ಬಡಾವಣೆಯಲ್ಲಿ ಸಾಫ್ಟ್‌ವೇರ್ ಕಂಪನಿಗಳ ಹಿಂದಿನ ಓಣಿಯಲ್ಲಿ ಅವರದು ಎರಡಂತಸ್ತಿನ ಮನೆ. ಕೆಳಗೆ ಶಿವಗಂಗವ್ವ ಮತ್ತು ಆಕೆಯ ಗಂಡ ಹೊಳಬಸಪ್ಪ, ಮೇಲೆ ಬಾಡಿಗೆಗೆ ತುಮಕೂರು ಕಡೆಯ ಸಿಂಧೂರ. ಸಿಂಧೂರ ಹಗಲು ಸಾಫ್ಟ್‌ವೇರ್ ಕೆಲಸ ಮಾಡಿ, ಬಿಡುವಾದಾಗ ಸಿನಿಮಾ, ಸೀರಿಯಲ್‌ಗಳ ಬಗ್ಗೆ ಇಂಟರ್ನೆಟ್ಟಿನಲ್ಲಿ ಬರೆಯುತ್ತಿದ್ದಳು. ಓದುವವರು ಸಾಕಷ್ಟಿದ್ದರು. ಅವಳ ಆಫೀಸಿನ ಅಭಿಲಾಷ ಪಕ್ಕದ ವಿಮಾನ ನಗರ ಬಡಾವಣೆಯಿಂದ ಸ್ಕೂಟರ್ ಮೇಲೆ ಬಂದು ಇವರ ಜೊತೆ ಕೂತು ನೋಡುವುದು ರೂಢಿಯಾಗಿತ್ತು. ಶಿವಗಂಗವ್ವನ ಚುರುಮುರಿ ಸುಸ್ಲಾದ ಆಸೆಯೂ ಅದರಲ್ಲಿ ಸೇರಿತ್ತೆನ್ನಿ.

ಧಾರಾವಾಹಿಯ ನಾಯಕ ಇನ್‌ಸ್ಪೆಕ್ಟರ್ ಚಂದ್ರಪ್ಪ. ಗಡಿಯಾಚೆ ಈಚೆ ಕಳ್ಳಸಾಗಣೆ ಮಾಡುವವರ ಬೆನ್ನು ಹತ್ತಿದವನು. ಐದನೇ ಕಂತು ಮುಗಿಯುವಾಗ ಅವನ ಕುತ್ತಿಗೆಗೆ ಯಾರೋ ಪಿಸ್ತೂಲು ಹಚ್ಚಿದ್ದರು. ಮುಂದೇನಾಯಿತು ಎಂದು ಜನ ಒಂದು ವಾರ ತಲೆ ಕೆಡಿಸಿಕೊಂಡಿದ್ದರು. ಶಿವಗಂಗವ್ವ ತರಕಾರಿಯವಳ ಹತ್ತಿರವೂ ಮರಾಠಿಯಲ್ಲಿ ಅದೇ ಚರ್ಚೆ ಮಾಡಿದ್ದಳು.

ಆರನೇ ಕಂತು ಬಂತು. ಚಂದ್ರಪ್ಪ ಕಾಣಲೇ ಇಲ್ಲ.

ಮೂರನೇ ಕಂತಿನಲ್ಲಿ ಭೀಮಣ್ಣ ಎಂಬ ಟೆಂಪೋ ಡ್ರೈವರ್ ಒಬ್ಬ ಅರ್ಧ ನಿಮಿಷ ಬಂದು, ಗುಂಡು ತಿಂದು ಸತ್ತಿದ್ದ. ಅವನ ಹೆಸರು ಯಾರಿಗೂ ನೆನಪಿರಲಿಲ್ಲ. ಆರನೇ ಕಂತು ಪೂರ್ತಿ ಅವನ ಜೊತೆ ಬಾಳುವೆ ಮಾಡಿದ್ದ ಚಿನ್ನವ್ವ ಎಂಬ ಹೆಂಗಸಿನದು. ಅವನ ಹೆಣ ಬಿಡಿಸಿಕೊಳ್ಳಲು ಅವಳು ಆಸ್ಪತ್ರೆಗೆ ಹೋಗುತ್ತಾಳೆ. ಇಡೀ ದಿನ ಕೂರುತ್ತಾಳೆ. ಅವರಿಬ್ಬರ ಮದುವೆಗೆ ಕಾಗದವಿಲ್ಲ, ರೇಷನ್ ಕಾರ್ಡಿನಲ್ಲಿ ಅವಳ ಹೆಸರಿಲ್ಲ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಕೊನೆಗೆ ಸಂಜೆ ಕಿಟಕಿಯಲ್ಲಿ ಕೂತ ಒಬ್ಬ ಕ್ಲರ್ಕು ಅವಳನ್ನು ಕರೆದು, ಫಾರಂನಲ್ಲಿ ‘ಸಂಬಂಧ’ ಎಂದಿದ್ದ ಕಡೆ ‘ಹೆಂಡತಿ’ ಎಂದು ಬರೆದು, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ. ಅಲ್ಲಿಗೆ ಕಂತು ಮುಗಿಯಿತು.

ಟಿವಿ ಆರಿದ್ದೇ ತಡ, ಅಭಿಲಾಷ ಸಿಡಿದ.

“ಇದೇನ್ ಆಂಟಿ ಇದು! ಒಂದು ವಾರ ಕಾದಿದ್ದು ಇದಕ್ಕಾ? ಕಥೆ ಒಂದಿಂಚು ಮುಂದೆ ಹೋಗ್ಲಿಲ್ಲ. ಆ ಹೆಂಗಸು ವಡಾಪಾವ್ ತಿನ್ನೋದನ್ನೇ ನಾಲ್ಕು ನಿಮಿಷ ತೋರಿಸಿದ್ರು. ನಾನು ಟೈಮ್ ನೋಡಿದೀನಿ.”

ಸಿಂಧೂರ ಆಗಲೇ ಫೋನ್ ತೆಗೆದಿದ್ದಳು. “ಎಲ್ಲರೂ ಬೈತಿದಾರೆ ನೋಡು. ‘ಸೀರಿಯಲ್ ಸತ್ತು ಹೋಯ್ತು’ ಅಂತ ಒಬ್ಬ. ‘ಇದುವರೆಗಿನ ಬೆಸ್ಟ್ ಎಪಿಸೋಡ್’ ಅಂತ ಇನ್ನೊಬ್ಬ. ಇಬ್ಬರೂ ಕಚ್ಚಾಡ್ತಿದಾರೆ.”

“ನನಗ ಭಾಳ ಸೇರಿತು,” ಎಂದಳು ಶಿವಗಂಗವ್ವ.

ಇಬ್ಬರೂ ತಿರುಗಿ ನೋಡಿದರು. ಹೊಡೆದಾಟ ಬಂದರೆ ಕುರ್ಚಿಯ ತುದಿಗೆ ಜರುಗಿ ಕೂರುವ ಹೆಂಗಸು ಆಕೆ.

“ಆ ವಡಾಪಾವ್ ತಿನ್ನೂದು ಅದ ಅಲ್ಲಾ, ಅದಕ್ಕs ಸೇರಿತು. ಮೊದಲು ಬ್ಯಾಡ ಅಂದ್ಲು. ಆಮ್ಯಾಲ ಒಂದು ಕಡಿದ್ಲು. ಆಮ್ಯಾಲ ಗಬಗಬ ತಿಂದು, ಸುತ್ತ ಯಾರರ ನೋಡಿದ್ರೇನು ಅಂತ ಸೆರಗಿಲೆ ಬಾಯಿ ಒರಸ್ಕೊಂಡ್ಲು. ನಮ್ಮವ್ವ ಸತ್ತ ದಿನ ನಾ ಅಡಗಿ ಮನ್ಯಾಗ ಬಾಗಲಾ ಮುಂದ ಮಾಡ್ಕೊಂಡು ಎರಡು ಬಾಳಿಹಣ್ಣು ತಿಂದಿದ್ದೆ. ಯಾರ ಮುಂದೂ ಹೇಳಿಲ್ಲ ಇಷ್ಟು ವರ್ಷ. ಇವರಿಗೆ ಹೆಂಗ ಗೊತ್ತಾತು ಅಂತೀನಿ.”

ಅಭಿಲಾಷ ಸ್ವಲ್ಪ ತಣ್ಣಗಾದ. ಆದರೆ ಸಿಂಧೂರ ಬಿಡಲಿಲ್ಲ. ಅವಳಿಗೂ ಮುಕ್ಕಾಲು ಭಾಗ ಹಿಡಿಸಿತ್ತಂತೆ. ಆ ನಟಿ ಚೆನ್ನಾಗಿ ಮಾಡಿದಾಳೆ, ಆಸ್ಪತ್ರೆಯ ಬೆಂಚು, ನಲ್ಲಿ, ಗೋಡೆ ಎಲ್ಲ ನಿಜವಾಗಿದೆ ಎಂದಳು. “ಆದ್ರೆ ಕೊನೆ ಮಾತ್ರ ಸುಳ್ಳು ಆಂಟಿ. ಇಡೀ ದಿನ ಯಾರೂ ಕ್ಯಾರೇ ಅನ್ನಲ್ಲ, ಆಮೇಲೆ ಒಬ್ಬ ಕ್ಲರ್ಕು ಸಡನ್ನಾಗಿ ದೇವರ ಥರ ಬಂದು ‘ಹೆಂಡತಿ’ ಅಂತ ಬರೆದುಬಿಡ್ತಾನೆ. ಗವರ್ನಮೆಂಟ್ ಆಫೀಸಲ್ಲಿ ಯಾವ ಕ್ಲರ್ಕ್ ತನ್ನ ಕೆಲಸಕ್ಕೆ ತಾನೇ ಕುತ್ತು ತಂದ್ಕೊತಾನೆ? ನಮ್ಮನ್ನ ಅಳಿಸೋಕೆ ಅಂತ ಬರೆದಿದಾರೆ. ನಾನು ಹಾಗೇ ಬರೀತೀನಿ.”

“ಬರೀತಾರ,” ಎಂಬ ದನಿ ಮೂಲೆಯಿಂದ ಬಂತು.

ಹೊಳಬಸಪ್ಪ. ದಿವಾನದ ಮೇಲೆ ಗೋಡೆಗೊರಗಿ ಕೂತಿದ್ದ. ಸಾಮಾನ್ಯವಾಗಿ ಅರ್ಧ ಕಂತಿಗೆ ಅವನ ಕಣ್ಣು ಮುಚ್ಚಿರುತ್ತಿತ್ತು. ಪುಣೆಯ ಒಂದು ದೊಡ್ಡ ಸರಕಾರಿ ದವಾಖಾನೆಯ ದಾಖಲೆ ವಿಭಾಗದಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಮಾತು ಕಡಿಮೆ. ಇವರ ಚರ್ಚೆಗಳಲ್ಲಿ ಇದುವರೆಗೆ ಅವನು ಬಾಯಿ ಹಾಕಿದ್ದಿಲ್ಲ.

“ಏನಂದ್ರಿ ಅಂಕಲ್?”

“ಕ್ಲರ್ಕ್ ಹಂಗ ಬರೀತಾನೇನು ಅಂದೆಲ್ಲಾ. ಬರೀತಾನ. ನಾ ಬರದೀನಿ.”

ಶಿವಗಂಗವ್ವ ಗಂಡನ ಮುಖ ನೋಡಿದಳು. ಮೂವತ್ತು ವರ್ಷಕ್ಕೂ ಮೀರಿದ ಸಂಸಾರ. ಅವನ ಅಂಗಿಯ ಗುಂಡಿ ಯಾವುದು ಸಡಿಲ ಎನ್ನುವುದೂ ಆಕೆಗೆ ಗೊತ್ತು. ಇದು ಮಾತ್ರ ಗೊತ್ತಿರಲಿಲ್ಲ.

“ಯಾವಾಗರೀ?”

“ನಮ್ಮ ಶೀತಲ್ ಆಗ ಎಂಟು ತಿಂಗಳ ಕೂಸಿದ್ಲು,” ಎಂದ ಹೊಳಬಸಪ್ಪ. “ರಾಯಚೂರು ಕಡೆ ಮನುಷ್ಯಾ. ಕಟ್ಟಡದ ಕೆಲಸದಾಗ ಮ್ಯಾಲಿಂದ ಬಿದ್ದು ಸತ್ತಿದ್ದ. ಆಕಿ ಬಂದ್ಲು, ಬಗಲಾಗ ಕೂಸು. ಆಕಿಗೆ ಕನ್ನಡ ಬಿಟ್ಟು ಏನೂ ಬರ್ತಿದ್ದಿಲ್ಲ. ಕಿಟಕ್ಯಾಗಿದ್ದವರಿಗೆ ಕನ್ನಡ ಬರ್ತಿದ್ದಿಲ್ಲ. ‘ಹೊಳಬಸಪ್ಪಾ, ಹೀ ಕಾಯ್ ಮ್ಹಣತೇ ಬಘ್’, ಈಕಿ ಏನಂತಾಳ ನೋಡು ಅಂತ ನನ್ನ ಕರದ್ರು. ಆರು ವರ್ಷ ಅವನ ಜೋಡಿ ಇದ್ದಾಕಿ. ಕಾಗದ ಒಂದೂ ಇಲ್ಲ. ನಾಳೆ ಬಾ ಅಂತ ಹೇಳು ಅಂದ್ರು ನನಗ. ಹಿಂದಿನ ಎರಡು ದಿನಾನೂ ಅದನ್ನs ಕೈಸನ್ನಿಲೆ ಹೇಳಿದ್ರಂತ. ನಾ ಆಕಿಗೆ ಏನೂ ಹೇಳಲಿಲ್ಲ. ಫಾರಂ ಎಳಕೊಂಡು ಮರಾಠಿಯೊಳಗ ‘ಪತ್ನಿ’ ಅಂತ ಬರದೆ.”

ಸಿಂಧೂರ ಕೈಯಲ್ಲಿದ್ದ ಫೋನ್ ಕೆಳಗಿಟ್ಟಳು.

“ಆಮೇಲೆ?” ಎಂದಳು.

“ಆಮ್ಯಾಲೇನು, ನಾಲ್ಕು ದಿನ ಬಿಟ್ಟು ಅವನ ತಮ್ಮ ಬಂದ. ಅಣ್ಣನ ಹೆಣ ಯಾರಿಗೋ ಕೊಟ್ಟಾರ ಅಂತ ಅರ್ಜಿ ಹಾಕಿದ. ವಿಚಾರಣಿ ಆತು. ಬರದಿದ್ದು ನಾನs ಅಂತ ಒಪ್ಕೊಂಡೆ. ದೂರದ ಶಿರೂರಿನ ದವಾಖಾನಿಗೆ ವರ್ಗಾ ಮಾಡಿ ಹಾಕಿದ್ರು.”

ಶಿರೂರು ಎಂದ ಕೂಡಲೇ ಶಿವಗಂಗವ್ವ ಗಂಡನ ಕಡೆ ಪೂರ್ತಿ ತಿರುಗಿ ಕೂತಳು.

ಆ ಎರಡು ವರ್ಷ ಆಕೆ ಮರೆಯುವಂಥವಲ್ಲ. ಬೆಳಿಗ್ಗೆ ಐದೂವರೆಗೆ ಗಂಡ ಎಸ್‌ಟಿ ಬಸ್ಸು ಹಿಡಿದು ಹೋದರೆ ಬರುತ್ತಿದ್ದುದು ದೀಪ ಹಚ್ಚಿದ ಮೇಲೆ. ಶೀತಲ್‌ಗೆ ನಾಯಿಕೆಮ್ಮು ಹತ್ತಿ ಕೂಸು ನೀಲಿಗಟ್ಟುತ್ತಿತ್ತು. ಭಾಷೆ ಸರಿಯಾಗಿ ಬಾರದ ಊರಿನಲ್ಲಿ ಮಗುವನ್ನು ಸೆರಗಲ್ಲಿ ಸುತ್ತಿಕೊಂಡು ಒಬ್ಬಳೇ ಡಾಕ್ಟರರ ಬಾಗಿಲು ಕಾದಿದ್ದಳು. ವರ್ಗ ಯಾಕಾಯಿತು ಎಂದು ಕೇಳಿದಾಗ ಗಂಡ ಹೇಳಿದ್ದು ಒಂದೇ ಮಾತು: “ಸಾಹೇಬರ ಜೋಡಿ ಜಗಳಾ ಆತು.” ಆಕೆ ನಂಬಿದಳು. ಅಂದಿನಿಂದ ತವರಿನವರ ಮುಂದೆ, ನಾದಿನಿಯರ ಮುಂದೆ, ಮಗಳ ಮುಂದೆ ಹೇಳುತ್ತಲೇ ಬಂದಳು: ಇವರು ಹೊರಗ ಸುಮ್ಮನs ಕಾಣ್ತಾರ, ಒಳಗ ಭಾರೀ ಸಿಟ್ಟು, ಆ ಸಿಟ್ಟಿಗೆ ನಾನು ನನ್ನ ಕೂಸು ಎರಡು ವರ್ಷ ಅನುಭವಿಸೀವಿ ಅಂತ. ಅವನ ಎದುರೇ ಹೇಳುತ್ತಿದ್ದಳು. ಅವನು ಒಂದು ಸಲವೂ ಅಲ್ಲ ಎಂದಿರಲಿಲ್ಲ.

“ನನಗ ಯಾಕ ಹೇಳಲಿಲ್ಲರೀ?”

“ಹೇಳಿದ್ರ ನೀ ಬೈತಿದ್ದಿ.”

“ಬೈತಿದ್ದೆ. ಬೈದು ಸುಮ್ಮನಾಗ್ತಿದ್ದೆ. ಇಷ್ಟು ವರ್ಷ ಬೈಯೂದು ತಪ್ಪತಿತ್ತು.”

ಹೊಳಬಸಪ್ಪ ಕಾಲು ಮಡಚಿಕೊಂಡು ಕೂತ. ಬೆಡ್‌ಶೀಟಿನ ಅಂಚು ನೇವರಿಸಿದ. “ಕೂಸು ಹಂಗ ಕೆಮ್ಮತಿತ್ತು. ಯಾರಿಗೋ ಉಪಕಾರ ಮಾಡಲಿಕ್ಕೆ ಹೋಗಿ ನನ್ನ ಮಗಳನ್ನ ಹಿಂಗ ಮಾಡಿದ್ರೇನು ಅಂತ ನೀ ಕೇಳಿದ್ರ ನನ್ನ ಹತ್ರ ಜವಾಬು ಇದ್ದಿಲ್ಲ. ಜಗಳಾ ಅಂದ್ರ ನೀ ಬರೇ ಬೈತಿದ್ದಿ. ಅದಕ್ಕ ಜವಾಬು ಬೇಕಾಗಂಗಿಲ್ಲ.”

ಅಭಿಲಾಷ ಕೆಮ್ಮಿದ. ಒಳ್ಳೆಯ ಹುಡುಗ, ಆದರೆ ವಾದ ಅರ್ಧಕ್ಕೆ ಬಿಡುವ ಜಾತಿಯವನಲ್ಲ. “ಅಂಕಲ್, ತಪ್ಪು ತಿಳ್ಕೋಬೇಡಿ. ನೀವು ಮಾಡಿದ್ದು ದೊಡ್ಡದು. ಆದ್ರೆ ಅದರಿಂದ ಈ ಎಪಿಸೋಡ್ ಚೆನ್ನಾಗಿದೆ ಅಂತ ಪ್ರೂವ್ ಆಗಲ್ಲ ಅಲ್ವಾ?”

“ಆಗಂಗಿಲ್ಲಪಾ, ಖರೆ ಅದ,” ಎಂದ ಹೊಳಬಸಪ್ಪ, ಮುಖದಲ್ಲಿ ಚೂರೂ ಬೇಸರವಿಲ್ಲದೆ. “ಒಂದು ತೋರಸ್ತೀನಿ. ಆ ಕೊನೀದು ಮತ್ತೊಮ್ಮೆ ಹಚ್ಚು.”

ಸಿಂಧೂರ ಇಂಟರ್ನೆಟ್ಟಿನಿಂದ ಕೊನೆಯ ದೃಶ್ಯವನ್ನು ಮತ್ತೆ ಟಿವಿಗೆ ಹಾಕಿದಳು. ನಾಲ್ವರೂ ಟಿವಿಯ ಹತ್ತಿರ ಜರುಗಿದರು. ತೆರೆಯ ಮೇಲಿನ ಕ್ಲರ್ಕು ಬರೆದ. ಹೆಬ್ಬೆಟ್ಟು ಒತ್ತಿಸಿಕೊಂಡ. ಚಿನ್ನವ್ವ ಏನೋ ಹೇಳಲು ಬಾಯಿ ತೆರೆದಳು. ಅವನು ಆಕೆಯ ಹೆಗಲ ಆಚೆಗೆ ನೋಡುತ್ತ, “ಮುಂದಿನವರು ಬರ್ರಿ” ಎಂದ.

“ನಿಲ್ಲಸು,” ಎಂದ ಹೊಳಬಸಪ್ಪ. “ದೇವರಂಗ ಬಂದ ಅಂದೆಲ್ಲಾ ತಂಗಿ, ನೋಡು. ಅವ ಆಕಿ ಮಾರಿ ನೋಡಲೇ ಇಲ್ಲ. ಒಂದು ಸಮಾಧಾನದ ಮಾತು ಆಡಲಿಲ್ಲ. ಕೈ ನೋಡು ಅವಂದು, ಸೀಲ್ ಹೊಡೆಯೂ ಮುಂದ ಎರಡು ಸಲ ತಪ್ಪಿತು. ಅಂಜ್ಯಾನ. ಮಾರಿ ನೋಡಿದ್ರ ಅವನ ಧೈರ್ಯ ಹೋಗತದ. ನಾನೂ ನೋಡಿದ್ದಿಲ್ಲ. ಆಕಿ ಹೆಸರು ಯಂಕವ್ವ ಅಂತ ನೆನಪದ, ಮಾರಿ ನೆನಪಿಲ್ಲ. ಇದನ್ನ ಬರದಾಂವ ಯಾವ ದವಾಖಾನ್ಯಾಗ ಎಷ್ಟು ದಿನ ಕೂತು ನೋಡಿದ್ನೋ. ಅವಗ ಶರಣು ಅನ್ನಬೇಕು.”

ಸಿಂಧೂರ ದೃಶ್ಯವನ್ನು ಹಿಂದೆ ಎಳೆದು ಇನ್ನೊಮ್ಮೆ ನೋಡಿದಳು. ಸೀಲು ನಿಜವಾಗಿಯೂ ಎರಡು ಸಲ ತಪ್ಪಿತ್ತು. ಅವಳಿಗೆ ಅದು ಮೊದಲು ಕಂಡೇ ಇರಲಿಲ್ಲ.

“ನಾನು ಸೋತೆ ಅಂಕಲ್. ಕೊನೆ ಸುಳ್ಳಲ್ಲ. ಆದ್ರೂ ಇದನ್ನ ಆರನೇದಾಗಿ ಇಟ್ಟಿದ್ದು ತಪ್ಪು ಅಂತಾನೇ ಹೇಳ್ತೀನಿ. ನಾಲ್ಕನೇದಾಗಿ ಬಂದಿದ್ರೆ ಯಾರೂ ಬೈತಿರ್ಲಿಲ್ಲ.”

“ಅದು ನಿನ್ನ ಲೆಕ್ಕ. ಬರಿ.”

“ನಿಮ್ಮ ವಿಷಯ ಬರೀಲಾ?”

“ಬ್ಯಾಡ,” ಎಂದ ಹೊಳಬಸಪ್ಪ ತಕ್ಷಣ.

“ಬರೀ,” ಎಂದಳು ಶಿವಗಂಗವ್ವ. “ಹೆಸರು ಹಾಕಬ್ಯಾಡ. ಊರು ಹಾಕಬ್ಯಾಡ. ಒಬ್ಬಾಂವ ಹಂಗ ಬರದಿದ್ದ, ಅದರ ಸಲುವಾಗಿ ಎರಡು ವರ್ಷ ದೂರದ ಊರಿಗೆ ಬಸ್ಸಿನ್ಯಾಗ ಓಡಾಡಿದ್ದ, ಒಮ್ಮೆನೂ ಗೊಣಗಲಿಲ್ಲ ಅಂತ ಬರಿ.” ಗಂಡ ಏನೋ ಹೇಳಲು ಹೋದ. “ನೀವು ಸುಮ್ಮನಿರ್ರಿ. ಇಷ್ಟು ವರ್ಷ ಸುಮ್ಮನಿದ್ರಿ, ಇನ್ನೊಂದು ದಿನ ಇರ್ರಿ,” ಎಂದುಬಿಟ್ಟಳು. ಅಭಿಲಾಷನಿಗೆ ನಗು ತಡೆಯಲಾಗಲಿಲ್ಲ. ಹೊಳಬಸಪ್ಪನೂ ನಕ್ಕ.

ಹುಡುಗರು ಹೋದ ಮೇಲೆ ಗಂಡಹೆಂಡಿರಿಬ್ಬರೂ ಊಟಕ್ಕೆ ಅಣಿಯಾದರು. ಶಿವಗಂಗವ್ವನಿಗೆ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಕೂಸಿನ ಕೆಮ್ಮು ಕಿವಿಯಲ್ಲಿ ಇನ್ನೂ ಇತ್ತು. ಆದರೆ ಊಟಕ್ಕೆ ಕೂತ ಗಂಡನನ್ನು ಹೊಸಬನನ್ನು ನೋಡಿದಂತೆ ಎರಡು ಮೂರು ಸಲ ನೋಡಿದಳು. ಎಲ್ಲರ ಮುಂದೆ ಬೈಸಿಕೊಂಡು ತಲೆ ತಗ್ಗಿಸಿ ಕೂತಿರುತ್ತಿದ್ದ ಮನುಷ್ಯ ಇವನೇ. ಅದು ತಪ್ಪೊಪ್ಪಿಗೆಯೆಂದು ತಿಳಿದಿದ್ದಳು. ಎಂಥಾದ್ದನ್ನು ಒಬ್ಬನೇ ಹೊತ್ತುಕೊಂಡಿದ್ದ!

ಮರುದಿನ ಮಧ್ಯಾಹ್ನ ಸಿಂಧೂರ ಬರೆದದ್ದನ್ನು ಕೆಳಗೆ ತಂದು ಓದಿದಳು. ಕಂತಿಗೆ ಐದಕ್ಕೆ ನಾಲ್ಕು ಅಂಕ ಕೊಟ್ಟಿದ್ದಳು, ಅದನ್ನು ತಪ್ಪು ಜಾಗದಲ್ಲಿ ಇಟ್ಟದ್ದಕ್ಕೆ ಒಂದನ್ನು ಕಳೆದಿದ್ದಳು. ಹೆಸರಿಲ್ಲದ ಗುಮಾಸ್ತನ ಬಗ್ಗೆ ಆರು ಸಾಲು ಇದ್ದವು. ಶಿವಗಂಗವ್ವ ಅವನ್ನು ಮತ್ತೊಮ್ಮೆ ಓದಿಸಿದಳು. ಆಮೇಲೆ ನಾಶಿಕದಲ್ಲಿದ್ದ ಮಗಳಿಗೆ ಫೋನ್ ಹಚ್ಚಿದಳು.

“ಶೀತಲ್, ಕೂತೀಯೇನು? ಕೂಡು. ನಿಮ್ಮಪ್ಪಾಜಿ ಸಿಟ್ಟಿನ ಮನುಷ್ಯಾ ಅಂತ ನಾ ನಿನಗ ಹೇಳಿದ್ದೆಲ್ಲಾ, ಶಿರೂರಿನ ವಿಷಯ? ಅದು ಹಂಗಲ್ಲವಾ,” ಎಂದು ಶುರುಮಾಡಿದಳು.

ಹೊಳಬಸಪ್ಪ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ. ಅವನಿಗೆ ಕೇಳಲಿ ಎಂದೇ ಆಕೆ ಗಟ್ಟಿಯಾಗಿ ಮಾತಾಡಿದಳು, ಒಂದೂ ಬಿಡದೆ, ಮೊದಲಿಂದ.